ಹತ್ತು ಅಡಿ ಎತ್ತರದ ಬಳೆ



ಮಕ್ಕಳು ಪರದೇಶದಲ್ಲಿ ನೆಲೆಸಿರುವ ತಂದೆತಾಯಂದಿರು ನಿಮ್ಮಲ್ಲಿ ಅನೇಕರಿರಬಹುದು. ನೀವೂ ಒಮ್ಮೆ ಅಲ್ಲಿಗೆ ಹೋಗಿ ಬಂದಿರಬಹುದು. ಮರಳಿ ಬಂದವರು ಹೇಳುವ ಕಥೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಿಮ, ಜಲಪಾತ, ಧೂಳಿಲ್ಲದ ರಸ್ತೆ, ಮಾತನಾಡಿಸಲು ಜನವಿಲ್ಲದ ಮಧ್ಯಾಹ್ನಗಳು. ನಾನೂ ನಯಾಗರಾ ನೋಡಿದೆ. ಚೆನ್ನಾಗಿದೆ. ಆದರೆ ಅದರ ವರ್ಣನೆಯನ್ನು ನಿಮಗೆ ಬೇರೆಯವರು ಈಗಾಗಲೇ ಮಾಡಿರುತ್ತಾರೆ. ನಾನು ಹೇಳಹೊರಟಿರುವುದು ಒಂದು ಚೆಂಡಾಟದ ವಿಷಯ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಹತ್ತೊಂಬತ್ತು ಸಾವಿರಕ್ಕೂ ಮಿಕ್ಕ ಜನರ ನಡುವೆ ಕುಳಿತು, ಹೆಸರೂ ಸರಿಯಾಗಿ ಉಚ್ಚರಿಸಲು ಬಾರದ ಆಟಗಾರರಿಗಾಗಿ ಗಂಟಲು ಹರಿಯುವಂತೆ ನಾನು ಕೂಗಿದೆ ಎಂದರೆ, ನಮ್ಮ ಶೆಟ್ಟಿಕೆರೆಯಲ್ಲಿ ನನ್ನನ್ನು ಬಲ್ಲವರು ಇಂದಿಗೂ ನಂಬುವುದಿಲ್ಲ.

ನಂಬದಿರುವುದಕ್ಕೆ ಕಾರಣವಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಆಟದ ಪೀರಿಯಡ್ಡನ್ನು ದೈಹಿಕ ಶಿಕ್ಷಕರಿಂದ ಕೇಳಿ ಪಡೆದು ಬೀಜಗಣಿತ ಮಾಡುತ್ತಿದ್ದ ಮೇಷ್ಟ್ರು ಎಂದು ಹಳೆಯ ವಿದ್ಯಾರ್ಥಿಗಳು ಈಗಲೂ ನಗುತ್ತಾರೆ. ಸಂಬಳದ ಜೊತೆಗೆ ಹಿರಿಯರಿಂದ ಬಂದ ತೆಂಗಿನ ತೋಟ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಬಲ್ಲವರಿಗೆ ಹೇಳಬೇಕಿಲ್ಲ, ಇಲ್ಲಿ ಮನೆಯ ಲೆಕ್ಕಾಚಾರವೆಲ್ಲ ನಡೆಯುವುದು ಕೊಬ್ಬರಿಯ ಮೇಲೆ. ಕಾಯಿಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಒಣಗಲು ಬಿಟ್ಟು, ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಅಲುಗಾಡಿದಾಗ ಬರುವ ಗಡಗಡ ಸದ್ದನ್ನು ಕೇಳಿ, ಇನ್ನು ಸುಲಿಯಬಹುದು ಎಂದು ತೀರ್ಮಾನಿಸುವುದು ನಮ್ಮ ಕಸುಬು. ಮದುವೆ, ಮನೆ, ಮಗನ ಇಂಜಿನಿಯರಿಂಗ್ ಓದು, ಎಲ್ಲವೂ ಆ ಅಟ್ಟದಿಂದಲೇ ಇಳಿದು ಬಂದದ್ದು.

2023ರ ಸೆಪ್ಟೆಂಬರಿನಲ್ಲಿ ನಾನೂ ನನ್ನ ಮನೆಯವರೂ ಕೆನಡಾದ ಟೊರಾಂಟೊ ನಗರಕ್ಕೆ ಮಗನ ಮನೆಗೆ ಹೋದೆವು. ಆ ವರ್ಷ ಕೊಬ್ಬರಿಗೆ ಕಷ್ಟಕಾಲ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರಿನ ಹರಾಜಿನಲ್ಲಿ ಕೂಗುತ್ತಿದ್ದುದು ಅದಕ್ಕಿಂತ ಬಹಳ ಕೆಳಗೆ. ರೈತರು ಬೀದಿಗಿಳಿದಿದ್ದರು. ಅಂಥ ಸಮಯದಲ್ಲಿ ಅಟ್ಟದ ತುಂಬ ಕಾಯಿ ಬಿಟ್ಟು ವಿಮಾನ ಹತ್ತಿದ ನನಗೆ ಮನಸ್ಸು ಅಲ್ಲಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಎದ್ದೊಡನೆ ಮೊಬೈಲಿನಲ್ಲಿ ಮಾರುಕಟ್ಟೆಯ ದರ ನೋಡುತ್ತಿದ್ದೆ. ಸೊಸೆ ಮರೆಯಲ್ಲಿ ನಗುತ್ತಿದ್ದಳು.

ದಸರೆ ಹತ್ತಿರ ಬಂದಾಗ ಒಂದು ಸಂಜೆ ಮಗ ಬಂದು, “ಅಪ್ಪ, ಬುಧವಾರ ಎಲ್ಲಿಗೂ ಒಪ್ಪಿಕೊಳ್ಳಬೇಡಿ. ನಾವು ಮೂವರು ಮ್ಯಾಚಿಗೆ ಹೋಗುತ್ತಿದ್ದೇವೆ” ಎಂದ. ಆ ಊರಿನಲ್ಲಿ ನಾನು ಎಲ್ಲಿಗೆ ಒಪ್ಪಿಕೊಳ್ಳಲು ಸಾಧ್ಯವಿತ್ತೋ ತಿಳಿಯದು. ಮೂವರೆಂದರೆ ಅವನು, ಒಂಬತ್ತು ವರ್ಷದ ಮೊಮ್ಮಗಳು ಮತ್ತು ನಾನು. ಬ್ಯಾಸ್ಕೆಟ್‌ಬಾಲ್ ಎಂದಾಗ ಬೇಡವೆಂದೆ. ಟಿಕೆಟ್ಟಿನ ಬೆಲೆ ಕೇಳಿದೆ. ಅವನು ಮಾತು ತೇಲಿಸಿದ. ಮೊಮ್ಮಗಳಿಗೆ ಅಷ್ಟು ಮುಚ್ಚುಮರೆ ತಿಳಿಯದು. ಸಂಖ್ಯೆಯನ್ನು ಹೇಳಿಬಿಟ್ಟಳು. ಮೇಷ್ಟ್ರ ತಲೆ ಸುಮ್ಮನಿರುತ್ತದೆಯೇ? ಡಾಲರನ್ನು ರೂಪಾಯಿಗೆ, ರೂಪಾಯಿಯನ್ನು ಅಂದಿನ ದರದ ಕೊಬ್ಬರಿಗೆ ಬದಲಾಯಿಸಿತು. ಮೂರು ಜನರಿಗೆ ಎರಡು ಕ್ವಿಂಟಾಲಿಗೂ ಹೆಚ್ಚು. ಕ್ವಿಂಟಾಲಿಗೆ ಆರೇಳು ನೂರು ಕಾಯಿ. ಅಂದರೆ ಎರಡೂವರೆ ಗಂಟೆಯ ಒಂದು ಆಟಕ್ಕೆ ಸಾವಿರಕ್ಕೂ ಮಿಕ್ಕ ಕಾಯಿ ಕೆಡವಿ, ಹೊತ್ತು, ಒಣಗಿಸಿ, ಸುಲಿದಷ್ಟು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಅಕ್ಟೋಬರ್ 25, ವಿಜಯದಶಮಿಯ ಮಾರನೆಯ ದಿನ. ಟೊರಾಂಟೊ ರಾಪ್ಟರ್ಸ್ ತಂಡಕ್ಕೆ ಆ ಋತುವಿನ ಮೊದಲ ಪಂದ್ಯ. ಎದುರಾಳಿ ಅಮೆರಿಕದ ಮಿನ್ನೆಸೋಟಾ ಟಿಂಬರ್‌ವುಲ್ವ್ಸ್. ಸಂಜೆ ರೈಲಿನಲ್ಲಿ ಯೂನಿಯನ್ ಸ್ಟೇಷನ್ನಿಗೆ ಹೋಗಿ ಇಳಿದಾಗ ಜನಪ್ರವಾಹ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಹುಲಿಯೋ ಮೊಸಳೆಯೋ ಎಂದು ನಾನು ತಿಳಿದ ಪ್ರಾಣಿಯ ಚಿತ್ರ ಎಲ್ಲರ ಅಂಗಿಯ ಮೇಲೆ. ಅದು ಡೈನೊಸಾರ್ ಎಂದು ಮೊಮ್ಮಗಳು ತಿದ್ದಿದಳು. 1990ರ ದಶಕದಲ್ಲಿ ಬಂದ ಒಂದು ಚಲನಚಿತ್ರದಿಂದ ಆ ಪ್ರಾಣಿ ಎಷ್ಟು ಜನಪ್ರಿಯವಾಗಿತ್ತೆಂದರೆ, 1995ರಲ್ಲಿ ಆಟ ಆರಂಭಿಸಿದ ಈ ತಂಡಕ್ಕೆ ಅದರ ಹೆಸರನ್ನೇ ಇಟ್ಟರಂತೆ. ಕ್ರೀಡಾಂಗಣ ಸ್ಕೋಶಿಯಾಬ್ಯಾಂಕ್ ಅರೀನಾ. ಹಿಂದೆ ಅಲ್ಲಿ ಅಂಚೆ ವಿಂಗಡಿಸುವ ದೊಡ್ಡ ಕಟ್ಟಡವಿತ್ತಂತೆ. ಅದನ್ನು ಕೆಡವುವಾಗ ಹೊರಗಿನ ಹಳೆಯ ಗೋಡೆಗಳನ್ನು ಉಳಿಸಿಕೊಂಡು ಒಳಗೆ ಹೊಸದನ್ನು ಕಟ್ಟಿದ್ದಾರೆ. ಹಳೆಯದನ್ನು ಹೀಗೆ ಉಳಿಸಿಕೊಂಡಿದ್ದು ನನಗೆ ಹಿಡಿಸಿತು. ಅಷ್ಟರವರೆಗೆ ಹಿಡಿಸಿದ್ದು ಅದೊಂದೇ.

ಒಳಗೆ ಹೋದ ಮೇಲೆ ಏನೆಂದು ಹೇಳಲಿ? ನಮ್ಮ ಆಸನಗಳು ಮೇಲಿನ ಅಂತಸ್ತಿನಲ್ಲಿ, ಸೂರಿಗೆ ಹತ್ತಿರ. ಕೆಳಗೆ ಹೊಳೆಯುವ ಹಲಗೆಯ ನೆಲ, ಅಂಗೈಯಗಲ ಕಾಣುತ್ತಿತ್ತು. ದೀಪಗಳೆಲ್ಲ ಒಮ್ಮೆಲೇ ಆರಿದವು. ಎದೆಗೂಡು ನಡುಗುವಂಥ ನಗಾರಿಯ ಸದ್ದು. ಬಣ್ಣಬಣ್ಣದ ಬೆಳಕು, ಆಟಗಾರರ ಹೆಸರುಗಳನ್ನು ರಾಗವಾಗಿ ಎಳೆದು ಕೂಗುವ ಕಂಠ. ಊರ ಜಾತ್ರೆಯಲ್ಲಿ ತೇರು ಕದಲುವ ಗಳಿಗೆಯನ್ನು ನೆನೆಸಿಕೊಳ್ಳಿ. ಆ ಒಂದು ಗಳಿಗೆಯನ್ನು ಎರಡೂವರೆ ಗಂಟೆ ಹಿಗ್ಗಿಸಿದರೆ ಹೇಗಿರುತ್ತದೋ ಹಾಗೆ. ಆಟ ನಿಂತಾಗಲಂತೂ ಗದ್ದಲ ಇನ್ನೂ ಹೆಚ್ಚು. ನರ್ತಕರು ಓಡಿ ಬರುತ್ತಾರೆ. ಡೈನೊಸಾರ್ ವೇಷದವನು ಕುಣಿಯುತ್ತಾನೆ. ಬಂದೂಕಿನಂಥ ಒಂದು ಯಂತ್ರದಿಂದ ಪ್ರೇಕ್ಷಕರ ಕಡೆಗೆ ಅಂಗಿಗಳನ್ನು ಹಾರಿಸುತ್ತಾರೆ, ದೊಡ್ಡ ಸಂಬಳದ ಅಧಿಕಾರಿಗಳಂತೆ ಕಾಣುವವರು ಅದಕ್ಕಾಗಿ ಕೈಚಾಚಿ ಎಗರುತ್ತಾರೆ. ಇದು ಆಟವೋ ಸಂತೆಯೋ ಎಂದು ಮಗನನ್ನು ಕೇಳಿದೆ. ಅವನಿಗೆ ಕೇಳಿಸಲಿಲ್ಲ.

ನನ್ನನ್ನು ಆಟದೊಳಕ್ಕೆ ಎಳೆದುಕೊಂಡದ್ದು ಒಂದು ಗಡಿಯಾರ. ಬುಟ್ಟಿಯ ಮೇಲ್ಗಡೆ ಕೆಂಪು ಅಂಕಿಗಳು 24ರಿಂದ ಕೆಳಕ್ಕೆ ಇಳಿಯುತ್ತಿದ್ದವು. ಮತ್ತೆ 24, ಮತ್ತೆ ಇಳಿತ. ಮೊಮ್ಮಗಳನ್ನು ಕೇಳಿದೆ. ಚೆಂಡು ಕೈಗೆ ಬಂದ ತಂಡ ಇಪ್ಪತ್ತನಾಲ್ಕು ಸೆಕೆಂಡುಗಳ ಒಳಗೆ ಬುಟ್ಟಿಯತ್ತ ಎಸೆಯಲೇಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ ಎಂದಳು. ಇಪ್ಪತ್ತನಾಲ್ಕೇ ಏಕೆ, ಇಪ್ಪತ್ತೈದು ಏಕಲ್ಲ? ಅವಳಿಗೆ ಗೊತ್ತಿರಲಿಲ್ಲ, ಮಗನಿಗೆ ಗೊತ್ತಿತ್ತು. ಹಿಂದೆ ಈ ನಿಯಮವಿರಲಿಲ್ಲವಂತೆ. ಮುಂದಿದ್ದ ತಂಡ ಚೆಂಡನ್ನು ತಮ್ಮೊಳಗೇ ಸುತ್ತಾಡಿಸುತ್ತ ಕಾಲ ಕಳೆಯಬಹುದಾಗಿತ್ತು. 1950ರ ನವೆಂಬರಿನಲ್ಲಿ ಹಾಗೆ ನಡೆದ ಒಂದು ಪಂದ್ಯ 19-18ಕ್ಕೆ ಮುಗಿದು ಜನ ಬೇಸತ್ತುಹೋದರು. ಆಗ ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಾಸೋನ್ ಎಂಬಾತ ಒಂದು ಲೆಕ್ಕ ಹಾಕಿದ. ಆಟದ ಅವಧಿ 48 ನಿಮಿಷ, ಅಂದರೆ 2,880 ಸೆಕೆಂಡು. ನೋಡಲು ಸೊಗಸಾದ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆಯುತ್ತವೆ. ಭಾಗಿಸಿದರೆ 24. ಅದು 1954ರಲ್ಲಿ ನಿಯಮವಾಯಿತು.

ಶೇಷವಿಲ್ಲದ ಭಾಗಾಕಾರ! ಒಂದು ಆಟವನ್ನು ಭಾಗಾಕಾರ ಬದುಕಿಸಿತೆಂದು ಸೇವೆಯಲ್ಲಿದ್ದಾಗ ತಿಳಿದಿದ್ದರೆ ಎಷ್ಟು ತರಗತಿಗಳಲ್ಲಿ ಹೇಳಬಹುದಾಗಿತ್ತು. ಅಲ್ಲಿಂದ ಮುಂದೆ ನಾನು ಆಟ ನೋಡತೊಡಗಿದೆ. ಏಳು ಅಡಿಯ ಹತ್ತಿರದ ಆಳುಗಳು ಅಷ್ಟು ಹಗುರಾಗಿ ತಿರುಗುವುದು, ನೋಡದೆಯೇ ಹಿಂದಕ್ಕೆ ಚೆಂಡು ಕೊಡುವುದು, ಅದನ್ನು ಇನ್ನೊಬ್ಬ ಅಲ್ಲಿಗೇ ಬಂದು ಹಿಡಿಯುವುದು. ನಮ್ಮೂರ ಕಡೆ ಟ್ಯೂಬ್‌ಲೈಟ್ ಕಟ್ಟಿ ಆಡಿಸುವ ಕಬಡ್ಡಿ ಪಂದ್ಯದಲ್ಲಿ ಸರಪಳಿ ಹಿಡಿದವರ ನಡುವೆ ಕಣ್ಣಲ್ಲೇ ಒಂದು ಮಾತು ನಡೆಯುತ್ತದಲ್ಲ, ಅದೇ ಇಲ್ಲಿಯೂ ನಡೆಯುತ್ತಿತ್ತು.

ಅರ್ಧ ಆಟ ಮುಗಿದಾಗ ಹದಿನೈದು ನಿಮಿಷ ವಿರಾಮ. ಮಗ ಆಲೂಗಡ್ಡೆಯ ಕಡ್ಡಿಗಳನ್ನು ಕರಿದದ್ದನ್ನು ತಂದುಕೊಟ್ಟು, “ಈ ಆಟ ಮಾಡಿದವನು ಇದೇ ಪ್ರಾಂತ್ಯದವನು ಅಪ್ಪ. ದೈವಶಾಸ್ತ್ರ ಓದಿದವನು” ಎಂದ. ಆ ಮಾತು ನನ್ನ ಕುತೂಹಲ ಕೆರಳಿಸಿತು. ಆಮೇಲೆ ಅವನ ಮನೆಯ ಹತ್ತಿರದ ಗ್ರಂಥಾಲಯದಲ್ಲಿ ಕುಳಿತು ಓದಿಕೊಂಡದ್ದನ್ನೂ ಸೇರಿಸಿ ನಿಮಗೆ ಹೇಳುತ್ತೇನೆ. ಈ ಪತ್ರಿಕೆಯ ಓದುಗರು ತಿಳಿಯಬೇಕಾದ ಸಂಗತಿ ಅದು.

ಆತನ ಹೆಸರು ಜೇಮ್ಸ್ ನೈಸ್ಮಿತ್. ಒಂಟಾರಿಯೊ ಪ್ರಾಂತ್ಯದ ಆಲ್ಮಾಂಟ್ ಎಂಬ ಸಣ್ಣ ಊರಿನ ಬಳಿ 1861ರಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದ. ಮಾಂಟ್ರಿಯಲ್‌ನಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಕಾಲೇಜಿನಲ್ಲಿ ದೈವಶಾಸ್ತ್ರ ಓದಿ 1890ರಲ್ಲಿ ಮುಗಿಸಿದ. ಆದರೆ ವೇದಿಕೆ ಹತ್ತಿ ಬೋಧಿಸುವುದೊಂದೇ ಯುವಕರಿಗೆ ಒಳಿತು ಮಾಡುವ ದಾರಿಯಲ್ಲ ಎಂದು ಅವನಿಗೆ ತೋರಿತು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಹೋಗಿ ಸೇರಿಕೊಂಡ.

ಅಲ್ಲಿನ ಚಳಿಗಾಲ ದೀರ್ಘವಾದದ್ದು. ಹೊರಗೆ ಆಡುವಂತಿಲ್ಲ. ಒಳಗೆ ಕವಾಯತು ಮಾಡಿ ಬೇಸತ್ತ ಹದಿನೆಂಟು ಯುವಕರ ಒಂದು ತರಗತಿ ಇಬ್ಬರು ಶಿಕ್ಷಕರನ್ನು ಸೋಲಿಸಿ ಕಳುಹಿಸಿತ್ತು. ಮೇಲಧಿಕಾರಿ ಲೂಥರ್ ಗುಲಿಕ್ ಆ ತರಗತಿಯನ್ನು ನೈಸ್ಮಿತ್‌ನ ಕೈಗಿಟ್ಟು, ಹದಿನಾಲ್ಕು ದಿನಗಳಲ್ಲಿ ಒಂದು ಹೊಸ ಒಳಾಂಗಣ ಆಟ ಹುಡುಕಿ ಕೊಡು ಎಂದ. ಇಂಥ ಹುಡುಗರ ತರಗತಿ ಪ್ರತಿಯೊಬ್ಬ ಶಿಕ್ಷಕನ ಬಾಳಿನಲ್ಲೂ ಒಮ್ಮೆಯಾದರೂ ಬರುತ್ತದೆ. ನಾನು ಮಾಡುತ್ತಿದ್ದುದು ಬೆತ್ತ ತರಿಸುವುದು. ಅವನು ಕುಳಿತು ಯೋಚಿಸಿದ.

ಅವನ ಯೋಚನೆಯ ಕ್ರಮ ನನಗೆ ಒಂದು ಪ್ರಮೇಯದ ಸಾಧನೆಯಂತೆ ಕಂಡಿತು. ಆಟಗಳಲ್ಲಿ ಪೆಟ್ಟಾಗುವುದು ಏಕೆ? ಚೆಂಡು ಹಿಡಿದು ಓಡುವವನನ್ನು ಕೆಡವಬೇಕಾದ್ದರಿಂದ. ಹಾಗಾದರೆ ಚೆಂಡು ಹಿಡಿದವನು ಓಡಲೇಕೂಡದು. ಗುರಿಯತ್ತ ಚೆಂಡನ್ನು ಬಲವಾಗಿ ಹೊಡೆಯುವುದೇಕೆ? ಗುರಿ ನೆಟ್ಟಗೆ ಎದುರಿಗೆ ನಿಂತಿರುವುದರಿಂದ. ಹಾಗಾದರೆ ಗುರಿಯನ್ನು ಮಲಗಿಸಿ ತಲೆಗಿಂತ ಮೇಲೆ ಇಡೋಣ. ಆಗ ಚೆಂಡು ಬಿಲ್ಲಿನಂತೆ ಬಾಗಿ ಮೇಲೇರಿ ಇಳಿಯಬೇಕು. ಬಲ ಕೆಲಸಕ್ಕೆ ಬಾರದು, ಹದ ಬೇಕು. ಬಾಲ್ಯದಲ್ಲಿ ಆಲ್ಮಾಂಟ್‌ನಲ್ಲಿ ಬಂಡೆಯ ಮೇಲೆ ಕಲ್ಲಿಟ್ಟು ಅದನ್ನು ಕಲ್ಲೆಸೆದು ಬೀಳಿಸುವ ಒಂದಾಟ ಆಡುತ್ತಿದ್ದರಂತೆ, ನಮ್ಮ ಲಗೋರಿಯ ದಾಯಾದಿ ಇರಬೇಕು. ಅದರಲ್ಲಿ ಮೆಲ್ಲಗೆ ಬಾಗಿಸಿ ಎಸೆದವನೇ ಗೆಲ್ಲುತ್ತಿದ್ದ ಎಂಬುದು ಅವನಿಗೆ ನೆನಪಾಯಿತು. ಕಟ್ಟಡ ನೋಡಿಕೊಳ್ಳುವವನನ್ನು ಎರಡು ಪೆಟ್ಟಿಗೆ ಕೇಳಿದ. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಎರಡು ಬುಟ್ಟಿಗಳಿದ್ದವು. ಅವನ್ನು ಮಹಡಿಯ ಮೊಗಸಾಲೆಯ ಕಟಕಟೆಗೆ ಹೊಡೆದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ಜಗತ್ತಿನ ಬುಟ್ಟಿಗಳೆಲ್ಲ ಹತ್ತು ಅಡಿ ಎತ್ತರದಲ್ಲಿರುವುದಕ್ಕೆ ಬೇರೆ ಯಾವ ಕಾರಣವೂ ಇಲ್ಲ. ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ. 1891ರ ಡಿಸೆಂಬರ್ 21ರಂದು, ಕ್ರಿಸ್ಮಸ್‌ಗೆ ನಾಲ್ಕು ದಿನ ಮುಂಚೆ, ಒಂಬತ್ತು ಒಂಬತ್ತು ಮಂದಿಯಂತೆ ಆ ತರಗತಿ ಮೊದಲ ಸಲ ಆಡಿತು. ಇಡೀ ಆಟದಲ್ಲಿ ಬಿದ್ದದ್ದು ಒಂದೇ ಒಂದು ಅಂಕ.

ಆ ಆಟಕ್ಕೆ ಆತ ಪೇಟೆಂಟ್ ಪಡೆಯಲಿಲ್ಲ. ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಅದೇ ಆಟದ ತರಬೇತುದಾರನಾದ. ಅವನ ತಂಡ ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವವನು ಆಟವನ್ನು ಹುಟ್ಟಿಸಿದ ಆತನೊಬ್ಬನೇ ಎಂದು ಓದಿ ನಾನು ಗ್ರಂಥಾಲಯದಲ್ಲಿ ಸದ್ದು ಮಾಡಿ ನಕ್ಕೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಈ ಆಟ ಸೇರಿದಾಗ ಹೋಗಿ ಕಣ್ಣಾರೆ ನೋಡಿದ. 1939ರಲ್ಲಿ ತೀರಿಕೊಂಡ. ಇಂದು ಈ ಆಟದ ಸುತ್ತ ಹರಿಯುವ ಹಣವನ್ನು ನೋಡಿದರೆ ಅವನಿಗೆ ಏನೆನಿಸುತ್ತಿತ್ತೋ! ಟೊರಾಂಟೊ ನಗರದಲ್ಲೇ 1946ರ ನವೆಂಬರ್ 1ರಂದು ಈಗಿನ ಎನ್.ಬಿ.ಎ. ಸಂಸ್ಥೆಯ ಇತಿಹಾಸದ ಮೊದಲ ಪಂದ್ಯ ನಡೆಯಿತು. ಜನರನ್ನು ಸೆಳೆಯಲು, ಊರ ತಂಡದ ಅತಿ ಎತ್ತರದ ಆಟಗಾರನಿಗಿಂತ, ಅಂದರೆ 6 ಅಡಿ 8 ಅಂಗುಲಕ್ಕಿಂತ, ಎತ್ತರವಿದ್ದವರಿಗೆ ಉಚಿತ ಪ್ರವೇಶ ಎಂದು ಜಾಹೀರಾತು ಕೊಟ್ಟಿದ್ದರಂತೆ. ಆ ಕಾಲವಾಗಿದ್ದರೂ ನನಗೆ ಪ್ರಯೋಜನವಿರಲಿಲ್ಲ. ನನ್ನದು ಐದು ಅಡಿ ನಾಲ್ಕು.

ವೈ.ಎಂ.ಸಿ.ಎ.ಯವರು ಹೋದೆಡೆಗೆಲ್ಲ ಈ ಆಟವನ್ನೂ ಕೊಂಡೊಯ್ದರು. ನಮ್ಮ ಕಡೆಗೆ ಅದರ ದಾರಿ ಮದರಾಸು. ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಅಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು ದಕ್ಷಿಣದ ಶಾಲೆಗಳಿಗೆಲ್ಲ ಹರಡಿದರು. ನನ್ನ ಮಗ ತುಮಕೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿದ ಶಾಲೆಯ ದೈಹಿಕ ಶಿಕ್ಷಕರು ಒಮ್ಮೆ ನನ್ನನ್ನು ಗೇಟಿನ ಬಳಿ ತಡೆದು, “ಸರ್, ಹುಡುಗನ ಕೈ ಚೆನ್ನಾಗಿದೆ. ಶನಿವಾರ ಭಾನುವಾರ ಪ್ರಾಕ್ಟೀಸಿಗೆ ಉಳಿಸಿಕೊಳ್ಳುತ್ತೇನೆ” ಎಂದಿದ್ದರು. ನಾನು ಅವನನ್ನು ಟ್ಯೂಷನ್ನಿಗೆ ಸೇರಿಸಿದ್ದೆ. ಆ ಮಾತು ಅಲ್ಲಿಗೆ ನಿಂತಿತ್ತು.

ವಿರಾಮ ಮುಗಿದು ಆಟ ಮತ್ತೆ ಆರಂಭವಾಯಿತು. ಬುಟ್ಟಿಯ ಹಿಂದೆ ಕುಳಿತವರನ್ನು ದೊಡ್ಡ ಪರದೆಯ ಮೇಲೆ ತೋರಿಸಿದಾಗ ಮಗ ಒಬ್ಬ ಪೇಟ ಸುತ್ತಿದ ಸಿಖ್ ಹಿರಿಯರ ಕಥೆ ಹೇಳಿದ. ನವ್ ಭಾಟಿಯಾ ಎಂದು ಹೆಸರು. 1984ರಲ್ಲಿ ಭಾರತದಿಂದ ಬಂದು, ಇಂಜಿನಿಯರ್ ಕೆಲಸ ಸಿಗದೆ ಕಾರು ಮಾರುವ ಅಂಗಡಿಗೆ ಸೇರಿ, ಕೊನೆಗೆ ಅಂಗಡಿಯ ಒಡೆಯರಾದರು. ರಾಪ್ಟರ್ಸ್ ಆಟವಾಡತೊಡಗಿದ 1995ರಿಂದ ತವರಿನ ಪಂದ್ಯಗಳನ್ನು ನೋಡುತ್ತ ಬಂದವರು. 2019ರಲ್ಲಿ ತಂಡ ಚಾಂಪಿಯನ್ ಆದಾಗ ಆಟಗಾರರಿಗೆ ಕೊಡುವ ಉಂಗುರವನ್ನು ಈ ಅಭಿಮಾನಿಗೂ ಕೊಟ್ಟರಂತೆ. ಪೇಟದವನೆಂದು ಮೂದಲಿಸಿದ ನಾಡಿನಲ್ಲೇ ಅವರು ಆ ಆಸನ ಗಳಿಸಿಕೊಂಡರು ಎಂದು ಮಗ ಹೇಳುವಾಗ ಅವನ ದನಿ ಸ್ವಲ್ಪ ಬೇರೆಯಾಗಿತ್ತು. ಅವನು ಅಲ್ಲಿಗೆ ಹೋದ ಹೊಸದರಲ್ಲಿ ಹೇಗಿದ್ದನೋ, ಫೋನಿನಲ್ಲಿ ಎಂದೂ ಹೇಳಿದವನಲ್ಲ. ನಾನು ಕೇಳಿದವನೂ ಅಲ್ಲ. ಊಟವಾಯಿತೇ, ಚಳಿ ಹೇಗಿದೆ, ಕೊಬ್ಬರಿಗೆ ಇಷ್ಟು ರೇಟು ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು.

ಎದುರಾಳಿ ಆಟಗಾರ ಫ್ರೀ ಥ್ರೋ ಎಸೆಯಲು ನಿಂತಾಗ ಬುಟ್ಟಿಯ ಹಿಂದಿನ ಜನರೆಲ್ಲ ಎದ್ದು ಕೈಬೀಸಿ, ಕಿರುಚಿ ಅವನ ಗಮನ ಕೆಡಿಸಲು ನೋಡುತ್ತಾರೆ. ಮೊದಲ ಸಲ ನನಗೆ ಇದು ಸರಿಕಾಣಲಿಲ್ಲ. ಒಬ್ಬ ಮನುಷ್ಯ ಒಂಟಿಯಾಗಿ ನಿಂತಿದ್ದಾನೆ, ಇಪ್ಪತ್ತು ಸಾವಿರ ಜನ ಅವನು ತಪ್ಪಲಿ ಎಂದು ಬಯಸುತ್ತಿದ್ದಾರೆ. ಪರೀಕ್ಷೆಯ ಕೊಠಡಿಯಲ್ಲಿ ಸೊಳ್ಳೆ ಹಾರಿದರೂ ಸಿಡುಕುತ್ತಿದ್ದವನಲ್ಲವೇ ನಾನು? ಆದರೆ ಮೂರನೆಯ ಸಲವೋ ನಾಲ್ಕನೆಯ ಸಲವೋ, ಓದುಗರೇ, ನಾನೂ ಎದ್ದು ನಿಂತಿದ್ದೆ. ಏನು ಕೂಗಿದೆನೆಂದು ಕೇಳಬೇಡಿ. ಅದು ತೋಟಕ್ಕೆ ನುಗ್ಗಿದ ದನವನ್ನು ಅಟ್ಟುವಾಗ ನಾನು ಕೂಗುವ ಕೂಗು. ಮುಂದಿನ ಸಾಲಿನ ಇಬ್ಬರು ತರುಣರು ತಿರುಗಿ ನೋಡಿ ನನ್ನ ಅಂಗೈಗೆ ಅಂಗೈ ತಟ್ಟಿದರು. ಮೊಮ್ಮಗಳು ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಅವನ ಎಸೆತ ಬಿತ್ತೋ ಇಲ್ಲವೋ ನನಗೆ ನೆನಪಿಲ್ಲ.

ಆಮೇಲೆ ನಮ್ಮವನೊಬ್ಬನಿಗೆ ಫ್ರೀ ಥ್ರೋ ಸಿಕ್ಕಿತು. ಆಗ ನಡೆದದ್ದು ನನಗೆ ಅಪರಿಚಿತ. ಅಷ್ಟು ದೊಡ್ಡ ಗದ್ದಲ, ನೀರು ಎರಚಿದ ಕೆಂಡದಂತೆ, ಒಮ್ಮೆಲೇ ಇಳಿದುಹೋಯಿತು. ಅವನಿಗೆ ತೊಂದರೆಯಾಗದಿರಲಿ ಎಂದು ಜನ ತಾವೇ ಬಾಯಿ ಮುಚ್ಚಿಕೊಂಡಿದ್ದರು. ಅಷ್ಟು ಮೇಲಿದ್ದ ನಮಗೂ ಚೆಂಡು ನೆಲಕ್ಕೆ ತಾಗುವ ಸದ್ದು ಕೇಳಿಸಿತು. ಒಂದು, ಎರಡು, ಮೂರು. ಆ ಆಟಗಾರ ಉಸಿರು ಬಿಟ್ಟು, ಮೊಣಕಾಲು ಬಾಗಿಸಿ, ಕೈ ಎತ್ತಿದ. ನನ್ನ ಪಕ್ಕದಲ್ಲಿ ಏನೋ ಅಲುಗಿದಂತಾಗಿ ನೋಡಿದೆ. ನನ್ನ ಮಗನ ಬಲಗೈ ತೊಡೆಯ ಮೇಲಿನಿಂದ ತಾನಾಗಿಯೇ ಎದ್ದಿತ್ತು. ಮಣಿಕಟ್ಟು ಹಿಂದಕ್ಕೆ ಬಾಗಿ, ಮುಂದಕ್ಕೆ ಮೆಲ್ಲಗೆ ಮಡಚಿಕೊಂಡಿತು. ಬೆರಳುಗಳು ಗಾಳಿಯಲ್ಲಿ ಅರೆಗಳಿಗೆ ಹಾಗೆಯೇ ತೂಗಿದವು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಕಣ್ಣು ಕೆಳಗಿನ ಬುಟ್ಟಿಯಲ್ಲಿತ್ತು. ಆ ಕೈಯನ್ನು ನಾನು ಹಿಂದೆಯೂ ನೋಡಿದ್ದೆ.

1994ರ ಬೇಸಿಗೆ ರಜೆ. ಅವನು ಒಂಬತ್ತನೆಯ ತರಗತಿ ಮುಗಿಸಿ ಊರಿಗೆ ಬಂದಿದ್ದ. ಒಂದು ದಿನ ನಾನು ತಿಪಟೂರಿನ ಮಂಡಿಯಿಂದ ಹಿಂದಿರುಗಿದಾಗ ಕೊಬ್ಬರಿ ಮನೆಯ ಹಿಂದೆ ಚೆಂಡಿನ ಸದ್ದು. ಬಗ್ಗಿ ನೋಡಿದೆ. ಫಸಲಿಗೆ ಬಂದ ಒಳ್ಳೆಯ ಮರವೊಂದಕ್ಕೆ ಎರಡು ದೊಡ್ಡ ಮೊಳೆ ಹೊಡೆದು, ಒಡೆದ ಬಕೆಟ್ಟಿನ ಬಾಯಿಯ ಕಬ್ಬಿಣದ ಬಳೆಯನ್ನು ತಂತಿಯಿಂದ ಬಿಗಿದಿದ್ದ. ತೇಪೆ ಹಾಕಿದ ಹಳೆಯ ವಾಲಿಬಾಲ್ ಅವನ ಕೈಯಲ್ಲಿತ್ತು. ನನ್ನನ್ನು ಅವನು ನೋಡಲಿಲ್ಲ. ಮೂರು ಸಲ ಚೆಂಡು ಪುಟಿಸಿ, ಮೊಣಕಾಲು ಬಾಗಿಸಿ ಎಸೆದ. ಬಳೆಯನ್ನು ತಾಗದೆ ಚೆಂಡು ಒಳಗಿಳಿಯಿತು. ಕೈ ಗಾಳಿಯಲ್ಲಿ ಹಾಗೆಯೇ ನಿಂತಿತ್ತು.

ತೋಟವಿರುವವರಿಗೆ ನನ್ನ ಸಿಟ್ಟು ಅರ್ಥವಾಗುತ್ತದೆ. ತೆಂಗಿಗೆ ಗಾಯವಾದರೆ ಕೆಂಪು ಮೂತಿ ಹುಳು ಬಂದು ಅಲ್ಲಿ ಮೊಟ್ಟೆಯಿಡುತ್ತದೆ. ಹುಳುಗಳು ಒಳಗೊಳಗೇ ತಿಂದು, ಹೊರಗೆ ತಿಳಿಯುವ ಹೊತ್ತಿಗೆ ಸುಳಿ ಬಾಗಿರುತ್ತದೆ. ಮಾವು, ಬೇವಿನ ಮರಗಳಿಗಾದರೆ ತೊಗಟೆ ಬೆಳೆದು ಗಾಯ ಮುಚ್ಚುತ್ತದೆ. ತೆಂಗು ಆ ಜಾತಿಯದಲ್ಲ, ಬಿದ್ದ ತೂತು ಬಿದ್ದಂತೆಯೇ ಇರುತ್ತದೆ. ಇದೆಲ್ಲ ನಿಜ. ಆದರೆ ಇಷ್ಟನ್ನು ಹೇಳಿ ಬಿಟ್ಟರೆ ನಿಮ್ಮ ಮುಂದೆ ನಾನು ಅರ್ಧ ನಿಜ ಹೇಳಿದಂತೆ. ಹುಳುವಿನ ಭಯವಷ್ಟೇ ಇದ್ದಿದ್ದರೆ ಮೊಳೆ ಕಿತ್ತು ತೂತಿಗೆ ಮದ್ದು ತುಂಬಿ ಸುಮ್ಮನಾಗಬಹುದಾಗಿತ್ತು, ಬಳೆಯನ್ನು ಕೊಬ್ಬರಿ ಮನೆಯ ಗೋಡೆಗೆ ಹಾಕಿಕೊ ಎನ್ನಬಹುದಾಗಿತ್ತು. ಅವನು ಅಷ್ಟು ಸಂತೋಷವಾಗಿದ್ದದ್ದು, ಆ ಸಂತೋಷ ಪುಸ್ತಕದಲ್ಲಿರದೆ ಬೇರೆಲ್ಲೋ ಇದ್ದದ್ದು ನನ್ನನ್ನು ಕೆರಳಿಸಿತು. ಹಾರೆ ತಂದು ಬಳೆಯನ್ನು ಮೀಟಿ ಕಿತ್ತೆ. ಎಡೆಮಟ್ಟೆಯ ತುಂಡೊಂದು ಕೈಗೆ ಸಿಕ್ಕಿತು, ಹೊಡೆದೆ. ಚೆಂಡನ್ನು ಬೀದಿಯ ಮಕ್ಕಳಿಗೆ ಕೊಟ್ಟುಬಿಟ್ಟೆ. ಅವನು ಅಳಲಿಲ್ಲ. ಬಳೆಯನ್ನು ಎತ್ತಿಕೊಂಡು ಹೋಗಿ ಗುಜರಿಯ ರಾಶಿಗೆ ತಾನೇ ಹಾಕಿ ಬಂದು ಕೈಕಾಲು ತೊಳೆದು ಓದಲು ಕುಳಿತ. ಮುಂದಿನ ವರ್ಷ ಒಳ್ಳೆಯ ಅಂಕ ತೆಗೆದ. ನಾನು ಮಾಡಿದ್ದು ಸರಿಯೆಂಬುದಕ್ಕೆ ಆ ಅಂಕಪಟ್ಟಿಯನ್ನು ವರ್ಷಗಟ್ಟಲೆ ಪುರಾವೆಯಾಗಿ ಇಟ್ಟುಕೊಂಡಿದ್ದೆ.

ಆಟದ ಕೊನೆಯ ಭಾಗವನ್ನು ನಾನು ಅಷ್ಟಾಗಿ ನೋಡಲಿಲ್ಲ. ಕೊನೆಯ ಎರಡು ನಿಮಿಷಗಳು ಎಷ್ಟು ಹೊತ್ತು ನಡೆಯುತ್ತವೆ ಎಂಬುದು ನೋಡಿದವರಿಗೇ ಗೊತ್ತು. ಅಂತೂ 97-94ರಲ್ಲಿ ಟೊರಾಂಟೊ ಗೆದ್ದಿತು. ಹಿಂದಿನ ತಿಂಗಳಷ್ಟೇ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟಿದ್ದ ಶ್ರೋಡರ್ ಎಂಬ ಹೊಸ ಆಟಗಾರನ ಹೆಸರನ್ನು ಜನ ಕೂಗುತ್ತಿದ್ದರು. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದ ಆ ಗದ್ದಲದ ನಡುವೆ ನಾನು ಮಗನ ಕಿವಿಯ ಬಳಿ, “ಆವತ್ತು ನಾನು ಆ ಬಳೆ ಕೀಳಬಾರದಾಗಿತ್ತು” ಎಂದೆ. ಇಪ್ಪತ್ತೊಂಬತ್ತು ವರ್ಷ ಹೇಳದ ಮಾತು. ಕೇಳಿಸದಿದ್ದರೆ ಕೇಳಿಸದಿರಲಿ ಎಂದೇ ಆ ಗದ್ದಲವನ್ನು ಆರಿಸಿಕೊಂಡಿದ್ದೆನೋ ಏನೋ.

ಕೇಳಿಸಿತ್ತು. ತಕ್ಷಣ ಏನೂ ಹೇಳಲಿಲ್ಲ. ಮಗಳಿಗೆ ಕೋಟು ತೊಡಿಸಿದ, ನನ್ನ ಮಫ್ಲರ್ ಸರಿಮಾಡಿದ. ರೈಲಿನಲ್ಲಿ ಕುಳಿತ ಮೇಲೆ ಹುಡುಗಿ ಅವನ ಭುಜಕ್ಕೆ ಒರಗಿ ನಿದ್ದೆ ಹೋದಳು. ಎರಡು ನಿಲ್ದಾಣ ಕಳೆದ ಮೇಲೆ ಕೇಳಿದ: “ಆ ಮರ ಇನ್ನೂ ಇದೆಯಾ ಅಪ್ಪ?”

“ಇದೆ. ಫಸಲೂ ಕೊಡುತ್ತಿದೆ.”

“ತೂತು?”

“ಅವೂ ಇವೆ.”

ಕಿಟಕಿಯ ಕಡೆ ನೋಡುತ್ತ ಸ್ವಲ್ಪ ನಕ್ಕ. “ಶಾಲೆಯ ಟೇಪು ಕದ್ದು ತಂದಿದ್ದೆ. ಸರಿಯಾಗಿ ಹತ್ತು ಅಡಿ ಅಳೆದು ಹೊಡೆದಿದ್ದೆ ಗೊತ್ತಾ? ಏಣಿ ಹಿಡಿದುಕೊಂಡವಳು ಅಮ್ಮ” ಎಂದ. ಅವನ ಅಮ್ಮ, ನನ್ನ ಮನೆಯವರು, ಇಷ್ಟು ವರ್ಷದಲ್ಲಿ ಒಂದು ಸಲವೂ ಆ ವಿಷಯ ನನ್ನೊಡನೆ ಬಾಯಿಬಿಟ್ಟಿರಲಿಲ್ಲ. ನೋವಾಯಿತೇ ಎಂದು ನಾನು ಕೇಳಬೇಕೆಂದಿದ್ದೆ. ನಮ್ಮ ನಿಲ್ದಾಣ ಬಂತು. ಮಗುವನ್ನು ಎತ್ತಿಕೊಂಡು ಇಳಿಯುವ ಗಡಿಬಿಡಿಯಲ್ಲಿ ಉಳಿದುಹೋಯಿತು.

ಆಮೇಲೆ ಅವನ ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ಎಷ್ಟೋ ಪಂದ್ಯ ನೋಡಿದೆವು. 2019ರ ಮೇ ತಿಂಗಳಿನಲ್ಲಿ ಕವಾಯ್ ಲೆನರ್ಡ್ ಎಂಬಾತ ಕೊನೆಯ ಗಳಿಗೆಯಲ್ಲಿ ಎಸೆದ ಚೆಂಡು ಬಳೆಯ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿದ್ದ ದೃಶ್ಯವನ್ನು ಅವನು ನನಗೆ ಹತ್ತಾರು ಸಲ ತೋರಿಸಿರಬೇಕು. ಪ್ರತಿಸಲವೂ ಬೀಳುತ್ತದೋ ಇಲ್ಲವೋ ಎಂಬಂತೆ ಇಬ್ಬರೂ ಮುಂದಕ್ಕೆ ಬಾಗುತ್ತಿದ್ದೆವು. ಕೊಬ್ಬರಿಯ ದರ ನೋಡುವುದನ್ನು ನಾನು ಕೆಲವು ದಿನ ಮರೆತೂ ಇದ್ದೆ.

2024ರ ಫೆಬ್ರವರಿಯಲ್ಲಿ ಊರಿಗೆ ಬಂದಾಗ ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸಾಲುಗಟ್ಟಿದ್ದರು. ನಾನೂ ನಿಂತೆ. ಆ ಓಡಾಟ ಒಂದು ಹದಕ್ಕೆ ಬಂದ ಮೇಲೆ ಒಂದು ಬೆಳಿಗ್ಗೆ ಏಣಿ, ಟೇಪು ತೆಗೆದುಕೊಂಡು ಕೊಬ್ಬರಿ ಮನೆಯ ಹಿಂದಕ್ಕೆ ಹೋದೆ. ತೆಂಗು ಬೆ‍ಳೆಯುವುದು ತುದಿಯ ಸುಳಿಯಲ್ಲಿ ಮಾತ್ರ. ಆದ್ದರಿಂದ ಕಾಂಡದಲ್ಲಿ ಹೊಡೆದ ಮೊಳೆ ಎಷ್ಟು ವರ್ಷವಾದರೂ ಅಲ್ಲೇ ಇರಬೇಕು, ಮರದೊಡನೆ ಮೇಲೇರುವುದಿಲ್ಲ. ತೂತುಗಳ ಅಂಚು ಕಪ್ಪಾಗಿತ್ತು. ಒಂದರಲ್ಲಿ ಇರುವೆಗಳಿದ್ದವು. ನನ್ನ ಮನೆಯವರು ಕರೆಯದೆಯೇ ಬಂದು ಏಣಿ ಹಿಡಿದುಕೊಂಡರು. ಅಳೆದೆ. ಒಂಬತ್ತು ಅಡಿ ಮೂರು ಅಂಗುಲ. ಮತ್ತೊಮ್ಮೆ ಅಳೆದೆ. ಅಷ್ಟೇ.

ಆ ರಾತ್ರಿ ಫೋನಿನಲ್ಲಿ ಮಗನಿಗೆ, “ಹತ್ತು ಅಡಿ ಇಲ್ಲ ಕಣೋ, ಒಂಬತ್ತು ಅಂಗುಲ ಕಡಿಮೆ ಬರುತ್ತಿದೆ” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗುತ್ತ ಹೇಳಿದ:

“ಅಷ್ಟು ವರ್ಷ ತೋಟಕ್ಕೆ ಕೆರೆಗೋಡು ಹೊಡೆಸಿದ್ದೀರಲ್ಲ ಅಪ್ಪ, ನೆಲ ಮೇಲೆ ಬಂದಿದೆ. ಅಗೆದು ಅಳೆಯಿರಿ.”